ನಮೂನೆ–1 ಇಲ್ಲದ ಪದಕ: ವಿದೇಶಕ್ಕೆ ಹೊರಡುವ ನಮ್ಮ ಕರಾಟೆ ಮಕ್ಕಳು

ಸಿಂಧನೂರಿನ ಒಂದು ಶಾಲೆಯ ಆವರಣದಲ್ಲಿ ಸಂಜೆಯ ಕರಾಟೆ ತರಗತಿ ಮುಗಿದ ಮೇಲೆ ಪಾಲಕರ ಸಭೆ ನಡೆಯಿತು. ಮಕ್ಕಳು ಪರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಸಾಲಾಗಿ ಕುಳಿತಿದ್ದರು. ಮಾಸ್ತರರು ಗೆರೆ ಹಾಳೆಯೊಂದನ್ನು ಕೈಯಿಂದ ಕೈಗೆ ದಾಟಿಸಿದರು. ಕಠ್ಮಂಡುವಿನಲ್ಲಿ ನಡೆಯಲಿರುವ ‘ಅಂತಾರಾಷ್ಟ್ರೀಯ ಮುಕ್ತ ಚಾಂಪಿಯನ್‌ಶಿಪ್’ಗೆ ಒಂದೊಂದು ಮಗುವಿಗೆ ತಗಲುವ ಖರ್ಚಿನ ಪಟ್ಟಿ ಅದರಲ್ಲಿತ್ತು: ಪ್ರವೇಶ ಶುಲ್ಕ, ಗೋರಖಪುರದವರೆಗೆ ರೈಲು, ಸೋನೌಲಿ ಗಡಿಯಿಂದ ಬಸ್ಸು, ವಸತಿ, ಊಟ, ಬೆನ್ನ ಮೇಲೆ ‘ಇಂಡಿಯಾ’ ಎಂದು ಬರೆಸಿದ ಟ್ರ್ಯಾಕ್‌ಸೂಟ್. ಭತ್ತದ ಗದ್ದೆಯ ಕೂಲಿ ಮುಗಿಸಿ ನೇರವಾಗಿ ಸಭೆಗೆ ಬಂದಿದ್ದ ತಾಯಿಯೊಬ್ಬರು ಹಾಳೆಯನ್ನು ಮಗಳಿಂದ ಓದಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಸರ, ಅಲ್ಲಿ ಗೆದ್ದು ತಂದ ಕಾಗದ ನಾಳೆ ನಮ್ಮ ಹುಡುಗಿ ನೌಕರಿಗೆ ನಡೀತದೇನ್ರಿ?” ಮಾಸ್ತರರು, “ಮೊದಲು ಆಡಿ ಬರಲಿ ಬಿಡವ್ವ, ಆಮ್ಯಾಲ ನೋಡೂಣು” ಎಂದು ಮುಂದಿನ ವಿಷಯಕ್ಕೆ ಹೋದರು.

ಆ ಪ್ರಶ್ನೆಗೆ ಸರಿಯಾದ ಉತ್ತರವಿದೆ. ಅದನ್ನು ಹಣ ಕಟ್ಟುವ ಮೊದಲೇ ಪಾಲಕರಿಗೆ ಹೇಳಬೇಕಿತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಕರಾಟೆ, ಟೇಕ್ವಾಂಡೊ ತಂಡಗಳು ನೇಪಾಳ, ಶ್ರೀಲಂಕಾ, ಥಾಯ್ಲೆಂಡ್, ಮಲೇಷ್ಯಾಗಳಿಗೆ ಹೋಗಿ ಪದಕ ತರುವ ಸುದ್ದಿ ಈಗ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಅಪರೂಪವಲ್ಲ. ಹಾರ, ಶಾಲು, ತೆರೆದ ವಾಹನದ ಮೆರವಣಿಗೆ, ವೃತ್ತದಲ್ಲಿ ಫ್ಲೆಕ್ಸ್ ಎಲ್ಲವೂ ಇರುತ್ತವೆ. ಮಕ್ಕಳ ಬೆವರಿನಲ್ಲಿ ಸುಳ್ಳಿಲ್ಲ, ಅವರ ಸಂತೋಷದಲ್ಲೂ ಸುಳ್ಳಿಲ್ಲ. ಆದರೆ ‘ಅಂತಾರಾಷ್ಟ್ರೀಯ’ ಎಂಬ ಒಂದೇ ಮಾತಿನ ಅಡಿಯಲ್ಲಿ ತೀರಾ ಬೇರೆ ಬೇರೆ ತೂಕದ ಸ್ಪರ್ಧೆಗಳು ನಡೆಯುತ್ತಿವೆ. ಆ ವ್ಯತ್ಯಾಸ ತಿಳಿಯದ ಮನೆಗಳೇ ಹೆಚ್ಚಾಗಿ ಕೊರಳಿನ ಚಿನ್ನ ಅಡವಿಟ್ಟು ಖರ್ಚು ಭರಿಸುತ್ತಿವೆ ಎಂಬುದು ನನ್ನ ಸಂಕಟ.

ಮೊದಲು ನೌಕರಿಯ ಪ್ರಶ್ನೆಯನ್ನೇ ನೋಡೋಣ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ನಿಯಮಗಳಿವೆ. ಯಾವ ಯಾವ ಕ್ರೀಡೆಗಳನ್ನು ಪರಿಗಣಿಸಬೇಕೆಂಬ ಪಟ್ಟಿಯನ್ನು 2020ರಲ್ಲಿ 43ರಿಂದ 63ಕ್ಕೆ ಹಿಗ್ಗಿಸಲಾಯಿತು. ಕರಾಟೆ, ಟೇಕ್ವಾಂಡೊ, ಜೂಡೊ, ಚೀನಾ ಮೂಲದ ಸಮರ ಕಲೆ ವುಶು ಆ ಪಟ್ಟಿಯಲ್ಲಿವೆ. ಇಷ್ಟನ್ನು ತರಬೇತುದಾರರು ಪಾಲಕರಿಗೆ ಹೇಳುತ್ತಾರೆ, ಅದು ನಿಜವೂ ಹೌದು. ಅದರ ಮುಂದಿನ ಸಾಲನ್ನು ಮಾತ್ರ ಹೇಳುವವರು ಕಡಿಮೆ. ಸ್ಪರ್ಧೆಗಳಲ್ಲಿ ಆಡಿದವರ ಪ್ರಮಾಣಪತ್ರಕ್ಕೆ ನಾಲ್ಕು ನಮೂನೆಗಳು ನಿಗದಿಯಾಗಿವೆ. ದೇಶವನ್ನು ಪ್ರತಿನಿಧಿಸಿದವರಿಗೆ ನಮೂನೆ–1, ಅದಕ್ಕೆ ರಾಷ್ಟ್ರೀಯ ಒಕ್ಕೂಟದ ಕಾರ್ಯದರ್ಶಿಯ ಸಹಿ ಬೇಕು. ರಾಷ್ಟ್ರಮಟ್ಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ನಮೂನೆ–2, ಅದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ನಮೂನೆ–3, ಶಾಲಾ ರಾಷ್ಟ್ರೀಯ ಕೂಟಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಕೊಡುವ ನಮೂನೆ–4. ಆದ್ಯತೆಯ ಕ್ರಮವೂ ಸ್ಪಷ್ಟವಾಗಿದೆ: ಮೊದಲ ಸ್ಥಾನ ಕ್ರೀಡಾ ಇಲಾಖೆಯ ಒಪ್ಪಿಗೆಯೊಂದಿಗೆ ದೇಶದ ಪರವಾಗಿ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಿದವರದು. ಅದರ ನಂತರ, ಮಾನ್ಯತೆ ಪಡೆದ ಒಕ್ಕೂಟ ನಡೆಸುವ ಹಿರಿಯರ ಅಥವಾ ಕಿರಿಯರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ರಾಜ್ಯದ ಪರವಾಗಿ ಆಡಿ ಮೂರನೆಯ ಸ್ಥಾನದೊಳಗೆ ಬಂದವರು.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಒಂದು ಕ್ಲಬ್ಬು ತಾನೇ ಹೆಸರು ನೋಂದಾಯಿಸಿ, ತಾನೇ ಶುಲ್ಕ ಕಟ್ಟಿ, ಹೊರದೇಶದ ಖಾಸಗಿ ಸಂಘಟಕರ ಮುಕ್ತ ಪಂದ್ಯಾವಳಿಯಲ್ಲಿ ಗೆದ್ದು ತಂದ ಚಿನ್ನದ ಪದಕಕ್ಕಿಂತ, ರಾಷ್ಟ್ರೀಯ ಕಿರಿಯರ ಚಾಂಪಿಯನ್‌ಶಿಪ್‌ನಲ್ಲಿ ಕರ್ನಾಟಕದ ಪರವಾಗಿ ಆಡಿ ತಂದ ಕಂಚಿನ ಪದಕ ಸರ್ಕಾರಿ ಕಡತದಲ್ಲಿ ಭಾರವಾದದ್ದು. ಶಾಲಾ ರಾಷ್ಟ್ರೀಯ ಕೂಟಕ್ಕೆ ರಾಜ್ಯ ತಂಡದಲ್ಲಿ ಹೋಗಿ ಬಂದ ಹುಡುಗಿಯ ನಮೂನೆ–4ಕ್ಕೂ ಒಂದು ನೆಲೆ ಇದೆ. ಖಾಸಗಿ ಪಂದ್ಯಾವಳಿಯ ಬಣ್ಣದ ಪ್ರಮಾಣಪತ್ರಕ್ಕೆ, ಅದರ ಮೇಲೆ ಎಷ್ಟು ದೇಶಗಳ ಧ್ವಜ ಅಚ್ಚಾಗಿದ್ದರೂ, ಈ ನಾಲ್ಕರಲ್ಲಿ ಯಾವ ನಮೂನೆಯೂ ಹೊಂದುವುದಿಲ್ಲ. ಪಟ್ಟಿಯಲ್ಲಿ ಕ್ರೀಡೆಯ ಹೆಸರಿದ್ದರೆ ಸಾಲದು. ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಮಾನ್ಯತೆ ಇರಬೇಕು, ಮತ್ತು ಅದು ಪಂದ್ಯ ನಡೆದ ಆ ವರ್ಷದಲ್ಲೇ ಇರಬೇಕು.

ಈ ಗೊಂದಲ ಹುಟ್ಟಿದ್ದು ಎಲ್ಲಿಂದ ಎಂದು ಕೇಳಿದರೆ ಆಯಾ ಕಲೆಯ ಚರಿತ್ರೆಗೇ ಹೋಗಬೇಕಾಗುತ್ತದೆ. ಓಕಿನಾವಾದಲ್ಲಿ ಬೆಳೆದ ಕರಾಟೆ ಗುರು ಪರಂಪರೆಗಳ ಮೂಲಕ ಹರಡಿದ ವಿದ್ಯೆ. ಶೋಟೊಕಾನ್, ಗೋಜು–ರ್ಯು, ಶಿಟೊ–ರ್ಯು, ವಾಡೊ–ರ್ಯು ಎಂಬ ಪ್ರಮುಖ ಶೈಲಿಗಳಲ್ಲಿ ಒಂದೊಂದಕ್ಕೂ ಹಲವು ಸಂಘಟನೆಗಳಿವೆ, ಅವುಗಳಲ್ಲಿ ಅನೇಕವು ತಮ್ಮದೇ ‘ವಿಶ್ವ ಚಾಂಪಿಯನ್‌ಶಿಪ್’ ನಡೆಸುತ್ತವೆ. ಒಂದು ಶೈಲಿಯೊಳಗೆ ಅದು ಗೌರವದ ಕೂಟವೇ ಇರಬಹುದು. ಆದರೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಗುರುತಿಸುವುದು ವಿಶ್ವ ಕರಾಟೆ ಒಕ್ಕೂಟ ಒಂದನ್ನೇ. ಆ ಒಕ್ಕೂಟದ ಕರಾಟೆ ಟೋಕಿಯೊ 2020ರ ಒಲಿಂಪಿಕ್ಸ್‌ನಲ್ಲಿ ಒಮ್ಮೆ ಕಾಣಿಸಿಕೊಂಡು, ಪ್ಯಾರಿಸ್ 2024ರ ಪಟ್ಟಿಯಿಂದ ಹೊರಬಿದ್ದಿತು. 2028ರ ಲಾಸ್ ಏಂಜಲೀಸ್‌ನಲ್ಲೂ ಅದಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ ಮಾತ್ರ ಅದರ ಜಾಗ ಗಟ್ಟಿಯಾಗಿದ್ದು, 2026ರ ಐಚಿ–ನಗೋಯಾ ಕೂಟದ ಪಟ್ಟಿಯಲ್ಲೂ ಇದೆ. ಭಾರತದ ಮಟ್ಟಿಗೆ ಇನ್ನೊಂದು ತೊಡಕು ಸೇರಿಕೊಂಡಿತು. ಒಳಜಗಳಗಳ ಕಾರಣ 2020ರಲ್ಲಿ ವಿಶ್ವ ಒಕ್ಕೂಟ ಇಲ್ಲಿನ ಅಂದಿನ ರಾಷ್ಟ್ರೀಯ ಸಂಘಟನೆಯ ಮಾನ್ಯತೆಯನ್ನು ಹಿಂಪಡೆಯಿತು. ಮೇಲಿನವರ ಜಗಳ ಕೆಳಗೆ ಜಿಲ್ಲೆಯವರೆಗೂ ಇಳಿಯುತ್ತದೆ. ಒಂದೇ ಜಿಲ್ಲೆಯಲ್ಲಿ ‘ಅಧಿಕೃತ’ ಎಂದು ಹೇಳಿಕೊಳ್ಳುವ ಎರಡು ಸಂಸ್ಥೆಗಳಿದ್ದರೆ, ಪಾಲಕರು ಯಾರನ್ನು ನಂಬಬೇಕು?

ಟೇಕ್ವಾಂಡೊದಲ್ಲಿಯೂ 1966ರಲ್ಲಿ ಹುಟ್ಟಿದ ಒಂದು ಅಂತಾರಾಷ್ಟ್ರೀಯ ಒಕ್ಕೂಟ ಮತ್ತು 1973ರಲ್ಲಿ ಹುಟ್ಟಿದ ಇಂದಿನ ವರ್ಲ್ಡ್ ಟೇಕ್ವಾಂಡೊ ಎಂಬ ಎರಡು ದಾರಿಗಳಿವೆ. 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿರುವುದು ಎರಡನೆಯದು. ಜೂಡೊ ಈ ಮಟ್ಟಿಗೆ ಪುಣ್ಯ ಮಾಡಿದ ಕ್ರೀಡೆ. 1882ರಲ್ಲಿ ಕಾನೊ ಜಿಗೊರೊ ಸ್ಥಾಪಿಸಿದ ಕೊಡೊಕಾನ್ ಎಂಬ ಒಂದೇ ಬೇರು, 1951ರಿಂದ ಒಂದೇ ಪ್ರಮುಖ ವಿಶ್ವ ಒಕ್ಕೂಟ. ಹಾಗಾಗಿ ಜೂಡೊ ಪಟುವಿಗೆ ‘ಇದು ಯಾವ ವಿಶ್ವ ಚಾಂಪಿಯನ್‌ಶಿಪ್’ ಎಂಬ ಪ್ರಶ್ನೆ ಅಷ್ಟಾಗಿ ಎದುರಾಗುವುದಿಲ್ಲ.

ಉಳಿದ ಕಲೆಗಳಲ್ಲಿ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಒಂದು ಸಂಘ ನೋಂದಾಯಿಸಲು ಯಾವ ಅಡ್ಡಿಯೂ ಇಲ್ಲ. ಅಂಥದೇ ಸಂಘ ನೆರೆಯ ದೇಶದಲ್ಲಿಯೂ ಒಂದಿದ್ದರೆ, ಎರಡೂ ಸೇರಿ ಪಂದ್ಯಾವಳಿ ನಡೆಸಿದ ದಿನವೇ ಅದು ಅಂತಾರಾಷ್ಟ್ರೀಯವಾಗುತ್ತದೆ. ಈ ಪಂದ್ಯಾವಳಿಗಳು ಯಾವ ದೇಶಗಳಲ್ಲಿ ಹೆಚ್ಚಾಗಿ ನಡೆಯುತ್ತವೆ ಎಂಬುದನ್ನು ಗಮನಿಸಿದರೆ ಕಾರಣ ಕಾಣುತ್ತದೆ. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲ. ಹದಿನೈದು ತುಂಬದ ಮಕ್ಕಳಿಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ, ಹದಿನೈದರಿಂದ ಹದಿನೆಂಟರೊಳಗಿನ ವಿದ್ಯಾರ್ಥಿಗಳು ಶಾಲೆಯ ಮುಖ್ಯಸ್ಥರು ನಿಗದಿತ ರೂಪದಲ್ಲಿ ಕೊಟ್ಟ ಗುರುತಿನ ಪತ್ರದ ಮೇಲೂ ಹೋಗಬಹುದು. ಥಾಯ್ಲೆಂಡ್ ಮತ್ತು ಮಲೇಷ್ಯಾ 2023ರ ಕೊನೆಯಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟವು. ಎಲ್ಲಿ ಪ್ರವೇಶ ಸುಲಭವೋ ಅಲ್ಲಿ ಪಂದ್ಯಾವಳಿ ಬೆಳೆಯುತ್ತದೆ. ಎದುರಾಳಿಗಳ ಮಟ್ಟ ಎಂಥದು ಎಂಬುದನ್ನು ನೋಡಿ ಸ್ಥಳ ಆರಿಸುವವರು ಕಡಿಮೆ. ಹಲವು ಬಾರಿ ನಮ್ಮ ಹುಡುಗ ಅಲ್ಲಿ ಎದುರಿಸುವುದು ಭಾರತದ್ದೇ ಇನ್ನೊಂದು ಊರಿನ, ಇನ್ನೊಂದು ಕ್ಲಬ್ಬಿನ ಹುಡುಗನನ್ನು.

ನಿಜವಾದ ದಾರಿ ಇದಕ್ಕಿಂತ ನಿಧಾನದ್ದು. ಜಿಲ್ಲಾ ಆಯ್ಕೆ, ರಾಜ್ಯ ಚಾಂಪಿಯನ್‌ಶಿಪ್, ರಾಷ್ಟ್ರೀಯ ಚಾಂಪಿಯನ್‌ಶಿಪ್, ಆಮೇಲೆ ಆಯ್ಕೆ ಶಿಬಿರ. ವಿಶ್ವ ಕರಾಟೆ ಒಕ್ಕೂಟದ ಕಿರಿಯರ ಲೀಗ್ ಇರಲಿ, ವರ್ಲ್ಡ್ ಟೇಕ್ವಾಂಡೊದ ಶ್ರೇಯಾಂಕದ ಪಂದ್ಯಾವಳಿ ಇರಲಿ, ಹೆಸರು ಹೋಗಬೇಕಾದದ್ದು ರಾಷ್ಟ್ರೀಯ ಒಕ್ಕೂಟದ ಮೂಲಕ. ಟೇಕ್ವಾಂಡೊದಲ್ಲಿ ಕೊರಿಯಾದ ಕುಕ್ಕಿವೊನ್ ಸಂಸ್ಥೆಯ ದಾನ್ ಎಂಬ ಕಪ್ಪು ಬೆಲ್ಟ್ ದರ್ಜೆಯ ಪ್ರಮಾಣಪತ್ರ, ಸಣ್ಣ ಮಕ್ಕಳಾದರೆ ಅದಕ್ಕೆ ಸಮನಾದ ಪೂಮ್, ಮತ್ತು ಅಂತಾರಾಷ್ಟ್ರೀಯ ಕ್ರೀಡಾಪಟು ಪರವಾನಗಿ ಬೇಕು. ಊರಿನ ಕ್ಲಬ್ಬಿನಲ್ಲಿ ಕಟ್ಟಿಕೊಂಡ ಕಪ್ಪು ಬೆಲ್ಟಿಗೆ ಕುಕ್ಕಿವೊನ್ ಸಂಖ್ಯೆ ಇಲ್ಲದಿದ್ದರೆ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಬೆಲ್ಟ್ ಪರೀಕ್ಷೆಯ ಶುಲ್ಕ ಕಟ್ಟುವಾಗಲೇ ಪಾಲಕರು ಈ ಒಂದು ಮಾತನ್ನು ಕೇಳಿಕೊಳ್ಳಬೇಕು.

ಹಾಗಾದರೆ ನಿಜವಾದ ದಾರಿಯಲ್ಲಿ ನಡೆದವರಿಗೆ ಹಣದ ಚಿಂತೆ ಇಲ್ಲವೇ? ಇದೆ. ನನ್ನ ಮಟ್ಟಿಗೆ ಅತಿ ದೊಡ್ಡ ಅನ್ಯಾಯ ಇರುವುದು ಇಲ್ಲಿಯೇ. ಒಕ್ಕೂಟ ಆಯ್ಕೆ ಮಾಡಿದ ತಂಡವೂ ಎಷ್ಟೋ ಬಾರಿ ‘ಸರ್ಕಾರಕ್ಕೆ ವೆಚ್ಚವಿಲ್ಲದಂತೆ’ ಎಂಬ ಷರತ್ತಿನ ಮೇಲೆ ಹೊರಡುತ್ತದೆ. ಅಂದರೆ ದೇಶದ ಹೆಸರು ಮಗುವಿನದು, ಖರ್ಚು ಮನೆಯವರದು. ಆಯ್ಕೆ ಪತ್ರ ಬಂದು ಹೊರಡುವ ದಿನಕ್ಕೆ ಕೆಲವೇ ವಾರಗಳಿರುತ್ತವೆ. ಬೆಂಗಳೂರಿನ ಸಂಬಳದ ಮನೆ ಆ ವಾರಗಳಲ್ಲಿ ಹೇಗೋ ಹಣ ಹೊಂದಿಸಿಕೊಳ್ಳುತ್ತದೆ. ಮಾನ್ವಿಯ ಅಥವಾ ಕುಷ್ಟಗಿಯ ಕೂಲಿ ಮನೆಗೆ ಅದು ಒಂದು ವರ್ಷದ ದುಡಿಮೆ. ಆಗ ಪಾಲಕರು ರೈಸ್ ಮಿಲ್ ಮಾಲೀಕರ ಬಳಿ, ಮುಖಂಡರ ಬಳಿ, ಮಠದ ಸ್ವಾಮಿಗಳ ಬಳಿ ಅರ್ಜಿ ಹಿಡಿದು ತಿರುಗುತ್ತಾರೆ. ಗೆದ್ದು ಬಂದ ಮೇಲೆ ಸನ್ಮಾನಕ್ಕೆ ಸಾಲು ನಿಲ್ಲುವವರಲ್ಲಿ ಹೊರಡುವ ಮೊದಲು ಬಾಗಿಲು ತೆರೆದವರು ಎಷ್ಟು ಜನ ಎಂಬುದು ಆ ತಂದೆ–ತಾಯಿಗೆ ಗೊತ್ತು.

ಬಳ್ಳಾರಿ ಜಿಲ್ಲೆಯಲ್ಲಿಯೇ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದು ಕಣ್ಣೆದುರಿಗಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಪಕ್ಕ ವಿದ್ಯಾನಗರದಲ್ಲಿ ಉಕ್ಕು ತಯಾರಿಸುವ ಜೆಎಸ್‌ಡಬ್ಲ್ಯು ಬೆಂಬಲದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಕೆಲಸ ಮಾಡುತ್ತಿದೆ. ಜೂಡೊ ಅಲ್ಲಿನ ಪ್ರಮುಖ ಕ್ರೀಡೆಗಳಲ್ಲೊಂದು. ಮಣಿಪುರದ ಲಿಂಥೊಯ್ ಚನಂಬಮ್ ಅಲ್ಲಿ ಜಾರ್ಜಿಯಾದ ತರಬೇತುದಾರ ಮಾಮುಕಾ ಕಿಜಿಲಾಶ್ವಿಲಿಯವರ ಬಳಿ ಪಳಗಿ, 2022ರ ಆಗಸ್ಟ್‌ನಲ್ಲಿ ಸರಯೇವೊದಲ್ಲಿ ನಡೆದ ವಿಶ್ವ ಕೆಡೆಟ್ (ಕಿರಿಯ ವಯೋವರ್ಗದ) ಜೂಡೊ ಚಾಂಪಿಯನ್‌ಶಿಪ್‌ನ 57 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದರು. ಜೂಡೊದ ಯಾವುದೇ ವಯೋವರ್ಗದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಆ ಹುಡುಗಿಯ ಹಿಂದೆ ಇದ್ದದ್ದು ಸರಿಯಾದ ಮ್ಯಾಟ್, ದಿನದಿನದ ಆಹಾರ, ಫಿಸಿಯೊ, ಬೇರೆ ದೇಶದ ಜೊತೆಗಾರರೊಂದಿಗೆ ಅಭ್ಯಾಸ, ಮತ್ತು ಹಂತಹಂತವಾಗಿ ಆರಿಸಿದ ಪಂದ್ಯಗಳು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಬದಿಯ ಈ ಸಂಸ್ಥೆಗೂ, ಅದೇ ಹೆದ್ದಾರಿಯ ಊರುಗಳ ಸರ್ಕಾರಿ ಶಾಲೆಗಳಲ್ಲಿ ಕರಾಟೆ ಕಲಿಯುವ ಮಕ್ಕಳಿಗೂ ನಡುವೆ ಸೇತುವೆ ಇನ್ನೂ ಕಟ್ಟಿಲ್ಲ. ವಸತಿ ನಿಲಯಗಳ ಹುಡುಗಿಯರಿಗೆ ಒನಕೆ ಓಬವ್ವನ ಹೆಸರಿನಲ್ಲಿ ಸರ್ಕಾರ ಕೊಡಿಸುವ ಆತ್ಮರಕ್ಷಣೆಯ ತರಬೇತಿಯಿಂದ ಎಷ್ಟೋ ಮಕ್ಕಳು ಮೊದಲ ಬಾರಿ ಕರಾಟೆಯ ರುಚಿ ನೋಡುತ್ತಾರೆ. ಅವಧಿ ಮುಗಿದ ಮೇಲೆ ಅವರಲ್ಲಿ ನಿಜಕ್ಕೂ ಕಸುವಿರುವವರನ್ನು ಗುರುತಿಸಿ ಮುಂದಕ್ಕೆ ಕಳಿಸುವ ಕೈ ಇಲ್ಲ.

ಸಲಕರಣೆಯ ಅಂತರವನ್ನು ಒಂದು ಕಾಲುಚೀಲದಲ್ಲಿ ನೋಡಬಹುದು. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಟೇಕ್ವಾಂಡೊದಲ್ಲಿ ಅಂಕವನ್ನು ಎಲೆಕ್ಟ್ರಾನಿಕ್ ಎದೆಗವಚ ಲೆಕ್ಕಹಾಕುತ್ತದೆ, 2016ರ ರಿಯೊದಿಂದ ತಲೆಗವಚಕ್ಕೂ ಸಂವೇದಕ ಬಂದಿತು. ಆಟಗಾರ ತೊಡುವ ಕಾಲುಚೀಲದ ಪಾದದ ಭಾಗದಲ್ಲಿ ಸಣ್ಣ ಸಣ್ಣ ಬಿಲ್ಲೆಗಳಿರುತ್ತವೆ. ಅವು ಕವಚದ ಸರಿಯಾದ ಜಾಗಕ್ಕೆ, ಸಾಕಷ್ಟು ಬಲದಿಂದ ತಗುಲಿದರೆ ಮಾತ್ರ ಅಂಕ. ಬಟ್ಟೆ ತುಂಬಿದ ಹಳೆಯ ಎದೆಗವಚಕ್ಕೆ ‘ಢಬ್’ ಎಂದು ಸದ್ದು ಬರುವಂತೆ ಒದೆಯುವುದನ್ನು ವರ್ಷಗಟ್ಟಲೆ ಕಲಿತ ಹುಡುಗನೊಬ್ಬ ಮೊದಲ ಬಾರಿ ಆ ಕಾಲುಚೀಲ ತೊಟ್ಟು ಆಡಿದ ಪಂದ್ಯವನ್ನು ನಾನು ನೋಡಿದ್ದೇನೆ. ಅವನ ಒದೆತಗಳು ಎದುರಾಳಿಯ ಪಕ್ಕೆಗೆ ಬಿದ್ದದ್ದು ಕೂತವರಿಗೆಲ್ಲ ಕೇಳುತ್ತಿತ್ತು, ಪರದೆಯ ಮೇಲೆ ಅಂಕ ಮಾತ್ರ ಏರಲಿಲ್ಲ. ಸುತ್ತು ಮುಗಿದಾಗ ಅವನು ಬಾಗಿ ತನ್ನ ಪಾದವನ್ನೇ ನೋಡುತ್ತಾ ನಿಂತಿದ್ದ. ಅಂಥ ಒಂದು ಜೊತೆ ಉಪಕರಣ ಜಿಲ್ಲಾ ಕ್ರೀಡಾಂಗಣದಲ್ಲಿದ್ದು ಎಲ್ಲ ಕ್ಲಬ್ಬುಗಳ ಮಕ್ಕಳಿಗೂ ವಾರಕ್ಕೊಮ್ಮೆ ಸಿಗುವಂತಿದ್ದರೆ, ಒಂದು ವಿದೇಶ ಪ್ರವಾಸಕ್ಕಿಂತ ಹೆಚ್ಚಿನ ಪಾಠ ಅದರಿಂದ ಆಗುತ್ತಿತ್ತು ಎಂದು ನಾನು ನಂಬುತ್ತೇನೆ.

ಹಣದ ದಾರಿಗಳು ಇಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯು ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಬಳಸಲು ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ ದೇಶದ ಹೊರಗೆ ಈ ನಿಧಿಯನ್ನು ಖರ್ಚು ಮಾಡುವಂತಿಲ್ಲ. 2021ರ ತಿದ್ದುಪಡಿಯು ರಾಷ್ಟ್ರಮಟ್ಟದಲ್ಲಿ ರಾಜ್ಯವನ್ನು ಅಥವಾ ಅಂತಾರಾಷ್ಟ್ರೀಯ ಮಟ್ಟದಲ್ಲಿ ದೇಶವನ್ನು ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಅದರಿಂದ ವಿನಾಯಿತಿ ನೀಡಿದೆ. ಇಲ್ಲಿಯೂ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ: ಯಾರನ್ನು ಪ್ರತಿನಿಧಿಸಿ? ಉಕ್ಕಿನ ಕಾರ್ಖಾನೆಗಳ, ಗಣಿಗಳ, ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಈ ನಾಡಿನಲ್ಲಿ ಕಾನೂನು ತೆರೆದಿಟ್ಟ ಈ ಬಾಗಿಲನ್ನು ತಟ್ಟಲು ಬೇಕಾದ ಕಾಗದವೇ ಖಾಸಗಿ ಪಂದ್ಯಾವಳಿಯ ತಂಡದ ಬಳಿ ಇರುವುದಿಲ್ಲ. 371(ಜೆ) ವಿಧಿಯ ಆಶಯದಂತೆ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈ ಭಾಗದ ಏಳು ಜಿಲ್ಲೆಗಳಿಗೆಂದೇ ಇದೆ. ಅಧಿಕೃತವಾಗಿ ಆಯ್ಕೆಯಾದ ಮಕ್ಕಳ ಪ್ರಯಾಣಕ್ಕೆ, ಆಯ್ಕೆ ಪತ್ರ ತೋರಿಸಿದ ಕೂಡಲೇ ಬಿಡುಗಡೆಯಾಗುವ ಒಂದು ಸಣ್ಣ ನಿಧಿಯನ್ನು ಅದು ಜಿಲ್ಲಾಡಳಿತಗಳ ಬಳಿ ಇರಿಸಿದರೆ ತಪ್ಪೇನು? ಗೆದ್ದ ಮೇಲಿನ ಬಹುಮಾನಕ್ಕಿಂತ ಹೊರಡುವ ಮೊದಲಿನ ಟಿಕೆಟ್ಟು ಈ ಭಾಗದ ಮಕ್ಕಳಿಗೆ ಹೆಚ್ಚು ಬೇಕಾಗಿದೆ.

ಪಾಸ್‌ಪೋರ್ಟಿನ ಮಾತೂ ಬೇರೆಯದಲ್ಲ. ಅಪ್ರಾಪ್ತ ಮಕ್ಕಳ ಪಾಸ್‌ಪೋರ್ಟಿಗೆ ಶುಲ್ಕ 1,000 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ತೊಂದರೆ ಕೊಡುವುದು ಶುಲ್ಕವಲ್ಲ, ತಂದೆ–ತಾಯಿ ಇಬ್ಬರೂ ಸಹಿ ಮಾಡಬೇಕಾದ ಘೋಷಣೆ. ತಂದೆ ಗುಳೆ ಹೋಗಿ ಪುಣೆಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸದಲ್ಲಿದ್ದರೆ ಆ ಒಂದು ಸಹಿಗಾಗಿ ಆಯ್ಕೆಯ ಅವಕಾಶವೇ ಕೈತಪ್ಪಬಹುದು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು ಇದ್ದರಂತೂ ತಿಂಗಳುಗಳೇ ಬೇಕು. ರಾಜ್ಯಮಟ್ಟಕ್ಕೆ ಆಯ್ಕೆಯಾದ ದಿನವೇ ಮಗುವಿನ ಪಾಸ್‌ಪೋರ್ಟ್ ಕೆಲಸ ಆರಂಭಿಸುವುದು ತರಬೇತುದಾರರ ಕರ್ತವ್ಯಗಳಲ್ಲಿ ಒಂದಾಗಬೇಕು. ಹುಡುಗಿಯರ ತಂಡದ ಜೊತೆ ಮಹಿಳಾ ವ್ಯವಸ್ಥಾಪಕಿ ಇರಲೇಬೇಕು, ಈ ವಿಷಯದಲ್ಲಿ ರಿಯಾಯಿತಿಯ ಮಾತೇ ಬೇಡ. ಪ್ರವಾಸ ವಿಮೆಯ ಪಾಲಿಸಿಯನ್ನು ಪೂರ್ತಿ ಓದಬೇಕು, ಏಕೆಂದರೆ ಹಲವು ಪಾಲಿಸಿಗಳು ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಆದ ಗಾಯವನ್ನು ಹೊರಗಿಡುತ್ತವೆ, ಒದೆತವೇ ಆಟವಾದಲ್ಲಿ ಅದು ಸಣ್ಣ ಮಾತಲ್ಲ.

ಅಧಿಕೃತ ದಾರಿಯಲ್ಲಿ ಹೋದವರಿಗೂ ಎಲ್ಲವೂ ಸುಗಮವೆಂದು ನಾನು ಹೇಳುವುದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದ ಅರುಣಾಚಲ ಪ್ರದೇಶದ ಮೂವರು ವುಶು ಪಟುಗಳು ಚೀನಾ ಪ್ರವೇಶಕ್ಕೆ ಅವಕಾಶ ಕೊಡದ ಕಾರಣ ಹೋಗಲಾಗಲಿಲ್ಲ. ಅಲ್ಲಿ ಬೆಳ್ಳಿ ಗೆದ್ದ ಮಣಿಪುರದ ರೋಶಿಬಿನಾ ದೇವಿ ತಮ್ಮ ಪದಕವನ್ನು ಆ ಗೆಳತಿಯರಿಗೆ ಅರ್ಪಿಸಿದರು. ಆದರೆ ಅವರ ಪರವಾಗಿ ದೇಶವೇ ಮಾತಾಡಿತು, ಕ್ರೀಡಾ ಸಚಿವರು ತಮ್ಮ ಚೀನಾ ಭೇಟಿಯನ್ನು ರದ್ದುಪಡಿಸಿದರು. ಖಾಸಗಿ ತಂಡವೊಂದು ಪರದೇಶದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡರೆ ಅದರ ಪರವಾಗಿ ನಿಲ್ಲುವ ಕ್ರೀಡಾ ಸಂಸ್ಥೆಯಾದರೂ ಯಾವುದು?

ಖಾಸಗಿ ಪಂದ್ಯಾವಳಿಗಳನ್ನೆಲ್ಲ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಮೊದಲ ಬಾರಿ ಊರು ಬಿಟ್ಟು, ಭಾಷೆ ತಿಳಿಯದ ಜಾಗದಲ್ಲಿ, ಅಪರಿಚಿತ ತೀರ್ಪುಗಾರರ ಮುಂದೆ ನಿಂತು ಕಟಾ (ಕರಾಟೆಯ ನಿಗದಿತ ವರಸೆಗಳ ಸರಣಿ) ಪ್ರದರ್ಶಿಸಿ ಬಂದ ಮಗುವಿನ ನಡಿಗೆಯೇ ಬದಲಾಗುವುದನ್ನು ಕಂಡಿದ್ದೇನೆ. ಖರ್ಚು ಭರಿಸಬಲ್ಲ ಮನೆಯವರು ಅದನ್ನು ಅನುಭವವೆಂದು ತಿಳಿದೇ ಕಳಿಸಿದರೆ ಅದರಲ್ಲಿ ದೋಷವಿಲ್ಲ. ದೋಷವಿರುವುದು ಅದನ್ನು ದೇಶದ ಪ್ರಾತಿನಿಧ್ಯವೆಂದು, ನೌಕರಿಯ ದಾರಿಯೆಂದು ಹೇಳಿ ಹಣ ಪಡೆಯುವುದರಲ್ಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಸಂಸ್ಥೆಗಳಿಗೆ ಮಾನ್ಯತೆ ಕೊಡಲು ರಾಷ್ಟ್ರೀಯ ಕ್ರೀಡಾ ಮಂಡಳಿಯನ್ನೂ, ಜಗಳಗಳ ತೀರ್ಮಾನಕ್ಕೆ ನ್ಯಾಯಮಂಡಳಿಯನ್ನೂ ತರುತ್ತದೆ. ಒಂದೇ ಕ್ರೀಡೆಗೆ ಎರಡು ಮೂರು ‘ರಾಷ್ಟ್ರೀಯ’ ಸಂಸ್ಥೆಗಳಿರುವ ಸ್ಥಿತಿ ಇದರಿಂದ ತಿಳಿಯಾದರೆ ಹೆಚ್ಚು ಲಾಭವಾಗುವುದು ನಮ್ಮಂಥ ದೂರದ ಜಿಲ್ಲೆಗಳಿಗೇ. ಅಲ್ಲಿಯವರೆಗೆ ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯ ಫಲಕದ ಮೇಲೆ, ಈ ವರ್ಷ ಮಾನ್ಯತೆ ಇರುವ ಸಮರ ಕಲೆ ಸಂಸ್ಥೆಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದು ಅಂಟಿಸಲು ಯಾವ ಕಾಯ್ದೆಗೂ ಕಾಯಬೇಕಿಲ್ಲ.

ಸಿಂಧನೂರಿನ ಆ ತಾಯಿ ಕಠ್ಮಂಡುವಿಗೆ ಹಣ ಕಟ್ಟಲಿಲ್ಲ. ಹುಡುಗಿ ಎರಡು ದಿನ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲವಂತೆ. ಜೊತೆಯವರು ಪದಕ ಹಾಕಿಕೊಂಡು ಬಂದು ಮೆರವಣಿಗೆ ಹೋದ ದಿನ ಅವಳು ತರಗತಿಗೂ ಬರಲಿಲ್ಲ. ಮರುವಾರ ಬಂದಳು. ಈಗ ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾಮಟ್ಟದ ಆಯ್ಕೆಗೆ ತನ್ನ ತೂಕದ ವಿಭಾಗದಲ್ಲಿ ಹೆಸರು ಕೊಟ್ಟಿದ್ದಾಳೆ. ಅವಳ ತಾಯಿ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಮುಂದೆ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಯಾವ ಕಾಗದ, ಯಾರ ಸಹಿ ಎಂದು ಕೇಳಿ, ‘ನಮೂನೆ–4’ ಎಂಬುದನ್ನು ಮಗಳ ನೋಟ್‌ಬುಕ್ಕಿನ ಹಿಂಪುಟದಲ್ಲಿ ಬರೆಸಿಕೊಂಡು ಬಂದಿದ್ದಾರೆ.